ಎರಡು ಬ್ಯಾಂಡು, ಒಂದು ಮಂಗಳ

ಸೊಲ್ಲಾಪುರ, ೨೧ ಡಿಸೆಂಬರ್ ೧೯೭೪, ಶನಿವಾರ

ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಮೈದುನ ಶಾಂತಪ್ಪನ ಕಾಲೇಜಿನಲ್ಲಿ ಇಂದು ಎರಡು ರಾಕ್ ಬ್ಯಾಂಡು. ಮೊದಲು ಪುಣೆಯ ಹುಡುಗರದು, ಆಮೇಲೆ ಇವನದು. ಮೈಕಿಗಾಗಿ ಸಂಜೆಯೇ ಜಗಳವಾಡಿ ಎರಡೂ ಕಡೆಯವರು ಮುಖ ತಿರುಗಿಸಿಕೊಂಡಿದ್ದರು.

ಅತ್ತೆ ಅಕ್ಕಲಕೋಟ ಕಡೆಯ ಹನ್ನೂರಿನವರು. ಅಲ್ಲಿ ಹರದೇಶಿ ಮೇಳ ಹಾಡಿನಲ್ಲಿ ಸವಾಲು ಹಾಕಿದರೆ ನಾಗೇಶಿ ಮೇಳ ಜವಾಬು ಕೊಡಬೇಕು. ಕೊನೆಗೆ ಎರಡೂ ಕೂಡಿ ಮಂಗಳ ಹಾಡಬೇಕು. ಇದೂ ಹಾಗೆಯೇ ಎಂದುಕೊಂಡು ಕಣ್ಣು ಮಿಟುಕಿಸದೆ ಕೂತಿದ್ದರು. ಎಲ್ಲ ಮುಗಿದು ಜನ ಎದ್ದರೂ ಇವರು ಏಳಲಿಲ್ಲ.

“ಶಾಂತ್ಯಾ, ಅವರು ಅಷ್ಟು ಕೇಳ್ಯಾರ, ನೀ ಒಂದಕ್ಕೂ ಜವಾಬ ಕೊಡಲಿಲ್ಲ. ಇರಲಿ. ಮಂಗಳ ಯಾರು ಹಾಡಾವ್ರು?”

“ಇದರಾಗ ಮಂಗಳ ಇರಂಗಿಲ್ಲಬೇ ಅವ್ವಾ.”

“ಹಂಗಾದ್ರ ನಾ ಏಳಂಗಿಲ್ಲ.”

ನಾಚಿಕೆಯಿಂದ ನಾನು ಸೆರಗು ಬಾಯಿಗೆ ಹಿಡಿದೆ. ಪುಣೆಯ ಡ್ರಮ್ಮಿನ ಹುಡುಗ ವಿಷಯ ತಿಳಿದು, ನಕ್ಕು, ಮತ್ತೆ ಕೋಲು ಎತ್ತಿಕೊಂಡ. ಶಾಂತಪ್ಪ ಗಿಟಾರಿನಲ್ಲಿ ಅವ್ವನ ಧಾಟಿ ತಡಕಾಡಿದ. ಅತ್ತೆಯೇ ಎತ್ತಿ ಹಾಡಿದರು. ಎಂಥ ದನಿ ಅವರದು! ಹೊರಟಿದ್ದ ಜನವೆಲ್ಲ ತಿರುಗಿ ಬಂದು ನಿಂತರು.

ಟಾಂಗಾದಲ್ಲಿ ಅತ್ತೆ ನನ್ನ ಕಿವಿಯಲ್ಲಿ, “ಗೆದ್ದಾವ್ರು ಪುಣೇದ ಹುಡುಗೂರು, ನೋಡವಾ. ಶಾಂತ್ಯಾಗ ಹೇಳಬ್ಯಾಡ” ಎಂದರು.

ಹೇಳಲಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು.