ಕೇಳಿಸದೆ ಹೇಳಿದ ಆಯ್ತು

ಹುಣಸೂರು
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗಳು ಸುಫಿಯಾಳಿಗೆ,

ಅಸ್ಸಲಾಮು ಅಲೈಕುಂ. ಹೇಗಿದ್ದೀಯಾ ಬೇಟಾ? ವಿರಾಜಪೇಟೆಯಲ್ಲಿ ಚಳಿ ಶುರುವಾಗಿರಬೇಕು. ಬೆಳಿಗ್ಗೆ ಪಾಠ ಮಾಡಲು ಹೋಗುವಾಗ ಶಾಲು ಹೊದ್ದುಕೋ. ನಿನ್ನ ಅಮ್ಮಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ನನ್ನ ಬಿಪಿ ಹತೋಟಿಯಲ್ಲಿದೆ. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ, ಅದನ್ನೂ ಮನೆಗೆ ಕಳಿಸದೆ ಸ್ಕೂಲಿಗೆ ಯಾಕೆ ಕಳಿಸಿದ ಎಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಹೋದ ಗುರುವಾರ ನೀನು ಅಂಗಡಿಗೆ ಫೋನ್ ಮಾಡಿ ಅಷ್ಟು ಹೊತ್ತು ಮಾತಾಡಿದೆಯಲ್ಲ, ಕೊನೆಗೆ ನಾನು "ಆಯ್ತು ಬೇಟಾ, ಹಾಗೇ ಮಾಡು" ಎಂದೆನಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ ಮಗಳೇ. ಏನು ಕೇಳಿದೆ ಎಂದು ತಿಳಿಯದೆಯೇ ಆಯ್ತು ಎಂದುಬಿಟ್ಟೆ.

ನೆಟ್‌ವರ್ಕ್ ಸರಿಯಿರಲಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಸರಿಯಿಲ್ಲದ್ದು ನನ್ನ ಕಿವಿ. ಅದು ಗೊತ್ತಾದ ರೀತಿ ಕೇಳಿದರೆ ನಿನಗೆ ನಗು ಬಂದೀತು, ಬಂದರೆ ನಕ್ಕುಬಿಡು. ಹೊಗೆಸೊಪ್ಪಿನ ಹರಾಜು ಶುರುವಾಗಿದೆ, ಹಳ್ಳಿ ಹುಡುಗರು ಬೈಕಿಗೆ ಸ್ಪೀಕರ್ ಹಾಕಿಸಲು ಅಂಗಡಿ ಮುಂದೆ ಸಾಲು ನಿಂತಿದ್ದಾರೆ. ಅವರ ನಡುವೆ ಮಿರ್ಲೆಯ ಚೆಲುವರಾಜು ಎಂಬುವನು ಬಂದ. ಬೈಕಿನ ಮೇಲೆ ಬನ್ನು, ರಸ್ಕು ಹೇರಿಕೊಂಡು ಸಾಲಿಗ್ರಾಮದ ಸುತ್ತ ಊರೂರು ತಿರುಗಿ ಮಾರುವವನು. ಕೆ.ಆರ್. ನಗರದಲ್ಲೇ ರಿಪೇರಿ ಮಾಡಿಸಬಹುದಿತ್ತು, ನನ್ನ ಹೆಸರು ಕೇಳಿ ಇಲ್ಲಿಯವರೆಗೆ ಬಂದಿದ್ದ. ಎಕ್ಸಲೇಟರ್ ಕೊಟ್ಟಂತೆಲ್ಲ ಅವನ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಏರುತ್ತಿತ್ತು. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ಬೇರೆ ವೈರ್ ಎಳೆದೆ, ಅರ್ಥ್ ಸರಿ ಮಾಡಿದೆ, ಪೆಟ್ಟಿಗೆ ಅದುರದ ಹಾಗೆ ಒಳಗೆ ಸ್ಪಂಜು ಅಂಟಿಸಿದೆ. ಗುಂಯ್ ಸದ್ದು ನಿಂತಿತು. ಆಮೇಲೆ ಅವನ ಹೆಂಡತಿ ರಮ್ಯಶ್ರೀ ರೆಕಾರ್ಡ್ ಮಾಡಿಕೊಟ್ಟಿದ್ದ "ಬನ್ನು ಬಂತು, ರಸ್ಕು ಬಂತು" ಹಾಕಿ ನೋಡಿದರೆ, ಆ ಹೆಣ್ಣುಮಗಳು ಕಂಬಳಿ ಒಳಗಿಂದ ಮಾತಾಡಿದ ಹಾಗಿತ್ತು. ಸಣ್ಣ ದನಿ ಚುರುಕಾಗಲೆಂದು ಟ್ರೆಬಲ್ ಏರಿಸಿದೆ. ಸಾಲದೆಂದು ಇನ್ನೂ ಏರಿಸಿದೆ. ಚೆಲುವರಾಜು ಮುಖ ಹಿಂಡಿದ. ಪಾಪ, ಇವನು ಒಳ್ಳೆಯ ಸೌಂಡ್ ಕೇಳಿದವನಲ್ಲ ಎಂದುಕೊಂಡೆ.

ವಾರ ಕಳೆಯುವುದರೊಳಗೆ ವಾಪಸ್ ಬಂದ. "ಅಬೀಬಣ್ಣಾ, ಕಿವಿಗೆ ದಬ್ಬಳ ಆಕ್ದಂಗಾಯ್ತದೆ ಕಣಣ್ಣಾ. ಐಕ್ಳು ಬನ್ ತಗಳಾದ್ ಬುಟ್ಟು ಕಿವಿ ಮುಚ್ಕಂಡು ಒಳಿಕ್ ಓಯ್ತವೆ" ಎಂದ. ಅವನಿಗೇ ಬೈದು, ಸ್ಪೀಕರನ್ನೇ ಬದಲಾಯಿಸಿ, ಮತ್ತೆ ನನ್ನ ಕಿವಿಗೆ ಸರಿ ಕಂಡಂತೆ ಇಟ್ಟೆ. ಊಟದ ಡಬ್ಬಿ ತಂದ ನಿನ್ನ ಅಮ್ಮಿ ಬಾಗಿಲಲ್ಲೇ ಡಬ್ಬಿ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡು ನಿಂತಳು. ಆಮೇಲೆ ಚೆಲುವರಾಜುವಿಗೆ ಹೇಳಿದಳು: "ಸ್ಪೀಕರ್ ತೊಂದ್ರೆ ಅಲ್ಲಪ್ಪಾ ಇದು, ನಮ್ ಮನೆಯವರ ಕಿವಿ ತೊಂದ್ರೆ. ಕುಕ್ಕರ್ ಕೂಗಿದ್ರೂ ಕೇಳ್ಸಲ್ಲ ಇವರಿಗೆ." ಗಿರಾಕಿಯ ಎದುರೇ ಹೀಗೆಂದಳು. ಕೋಪಕ್ಕೆ ಆ ದಿನ ನಾನು ಊಟ ಮುಟ್ಟಲಿಲ್ಲ.

ಕೊನೆಗೆ ಅವಳೇ ಮೈಸೂರಿಗೆ, ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗಲೆಲ್ಲ ಬಟನ್ ಒತ್ತಿ ಎಂದರು. ಇನ್ನೂ ಶುರುವಾಗಿಲ್ಲವಲ್ಲ ಎಂದು ನಾನು ಕಾಯುತ್ತಾ ಕುಳಿತಿದ್ದೆ. ಸದ್ದುಗಳು ಬಂದು ಬಂದು ಹೋಗುತ್ತಿದ್ದವಂತೆ. ಮೊದಲು ಹೋಗುವುದು ಸಣ್ಣ ದನಿ ಎಂದರು ಡಾಕ್ಟರು, ಹೆಂಗಸರದು, ಮಕ್ಕಳದು, ಹಕ್ಕಿಯದು. ಗಂಡಸರ ದಪ್ಪ ದನಿ ಕೊನೆಯವರೆಗೂ ಇರುತ್ತದಂತೆ. ಅಂಗಡಿಗೆ ಬರುವವರೆಲ್ಲ ಗಂಡಸರೇ ಆದ್ದರಿಂದ ನನಗೆ ಏನೂ ತಿಳಿಯಲಿಲ್ಲ. ಕಿವಿಗೆ ಹಾಕುವ ಮೆಷೀನು ಮುಂದಿನ ತಿಂಗಳು ಬರುತ್ತದೆ. ಅಲ್ಲಿಯವರೆಗೆ ನಿನ್ನ ಅಮ್ಮಿ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ನಾನು ತಿರುಗಿಸುತ್ತೇನೆ, ಅವಳು ಚುಚ್ಚುತ್ತಿದೆ ಎನ್ನುತ್ತಾಳೆ, ಇಳಿಸುತ್ತೇನೆ, ಈಗ ಸರಿ ಎನ್ನುತ್ತಾಳೆ. ಚೆಲುವರಾಜುವಿನ ಸ್ಪೀಕರನ್ನೂ ಹೀಗೇ ಹೊಂದಿಸಿಕೊಟ್ಟೆವು, ಅವನು "ನಮ್ಮನೇವ್ಳು ಎದುರ್ಗೇ ನಿಂತು ಮಾತಾಡ್ದಂಗದೆ" ಎಂದು ಖುಷಿಯಿಂದ ಹೋದ. ನನಗೆ ಕೇಳಿಸಿದ್ದು ಗೊಣಗಿನಂಥ ಸದ್ದು ಅಷ್ಟೆ. ಜೀವಮಾನವೆಲ್ಲ ಕಿವಿಯಿಂದ ಅನ್ನ ತಿಂದವನು ನಾನು. ಅವನು ಹೋದ ಮೇಲೆ ಶಟರ್ ಅರ್ಧ ಎಳೆದುಕೊಂಡು ಅತ್ತೆ.

ಈಗ ಗುರುವಾರದ ವಿಷಯ. ಫೋನಿನಲ್ಲಿ ಮಾತು ತಿಳಿಯದಿದ್ದಾಗ "ಹ್ಞಾಂ, ಆಯ್ತು" ಎನ್ನುವುದು ನನಗೆ ರೂಢಿಯಾಗಿಬಿಟ್ಟಿದೆ. ಅಂದೂ ಕೇಳಿಸುತ್ತಿಲ್ಲ ಎನ್ನಲು ನಾಚಿಕೆಯಾಯಿತು. ನಿನ್ನ ದನಿ ಎಳೆ ಎಳೆಯಾಗಿ ಬಂದು ನಡುನಡುವೆ ತುಂಡಾಗುತ್ತಿತ್ತು. ಅಳುತ್ತಿದ್ದೀಯ ಎಂದು ನನಗೆ ಅನುಮಾನ ಬಂತು. ಆಗ ನಿನ್ನ ಹಿಂದಿನಿಂದ ಅಳಿಯ ಮುಜಾಮಿಲ್ ಕೂಗಿದ್ದು ಕೇಳಿಸಿತು. ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ಮೊದ್ಲು ಆ ಫೋನ್ ಇಡು." ನೀನು ಅವಸರದಲ್ಲಿ ಏನೋ ಕೇಳಿ ಸುಮ್ಮನಾದೆ. ನಾನು ಆಯ್ತು ಎಂದೆ. ಮರುದಿನ ಅಮ್ಮಿ ಫೋನ್ ಮಾಡಿದರೆ, "ಅಬ್ಬಾನ ಕೇಳಿದ್ದೀನಿ, ಅವರು ಹೇಳಿದ ಹಾಗೇ ಮಾಡ್ತೀನಿ" ಎಂದಷ್ಟೇ ಹೇಳಿದೆಯಂತೆ. ಆಮೇಲೆ ಮಾಡಿದಾಗಲೆಲ್ಲ ಫೋನ್ ಎತ್ತುವವನು ಮುಜಾಮಿಲ್, ನೀನು ಕೆಲಸದಲ್ಲಿದ್ದೀಯ ಎನ್ನುತ್ತಾನೆ. ನಾನು ಅಮ್ಮಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೇ ಹೊರಟು ನಿಂತಿದ್ದೆ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಹೋಗಿ ಗದ್ದಲ ಮಾಡಿದರೆ ಆಮೇಲೆ ಅನುಭವಿಸುವವಳು ನೀನೇ ಎಂದು ಅಮ್ಮಿ ತಡೆದಳು. ಅದಕ್ಕೇ ವಿರಾಜಪೇಟೆ ಬಸ್ಸಿನ ಡ್ರೈವರ್ ಶಿವಶಂಕರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಸ್ಕೂಲಿನ ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತಾನೆ. ಸಂಜೆ ಬಸ್ಸು ಹೊರಡುವ ಮುಂಚೆ ಅವನೇ ಬಂದು ಉತ್ತರ ತೆಗೆದುಕೊಳ್ಳುತ್ತಾನೆ. ನಡೆದದ್ದನ್ನೆಲ್ಲ ಬರೆ, ನಮಗೆ ನೋವಾಗುತ್ತದೆ ಎಂದು ಏನನ್ನೂ ಬಿಡಬೇಡ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ.

ಅಲ್ಲಾಹು ನಿನ್ನನ್ನು ಕಾಪಾಡಲಿ. ಅಮ್ಮಿ ಪಕ್ಕದಲ್ಲೇ ಕುಳಿತು ದುವಾ ಮಾಡುತ್ತಿದ್ದಾಳೆ.

ನಿನ್ನ ಅಬ್ಬಾ,
ಹಬೀಬ್

ತಾ.ಕ.: ಶಿವಶಂಕರ ಹಾರ್ನ್ ಹೊಡೆಯುತ್ತಿದ್ದಾನೆ. ಉತ್ತರ ಬರೆಯಲು ಆಗದೇ ಹೋದರೆ ಇಷ್ಟು ತಿಳಿದುಕೋ. ನೀನು ಕೇಳಿದ್ದು ಮನೆಗೆ ಬರಲಾ ಎಂದಾಗಿದ್ದರೆ ನನ್ನ ಆಯ್ತು ಆಯ್ತೇ, ಬಟ್ಟೆಬರೆಗೆಂದು ಮನೆಗೆ ಹೋಗಬೇಡ, ಸ್ಕೂಲಿನಿಂದಲೇ ಇದೇ ಬಸ್ಸು ಹತ್ತು. ಸಹಿಸಿಕೊಂಡು ಇಲ್ಲೇ ಇರಲಾ ಎಂದಾಗಿದ್ದರೆ, ಅದಕ್ಕೆ ನಿನ್ನ ಅಬ್ಬಾ ಆಯ್ತು ಎಂದಿಲ್ಲ.