ಏನು ಕೇಳಿದಳು?

ಗುರುವಾರ, ಮಧ್ಯಾಹ್ನ
ಶಾಲೆಯ ಮೆಟ್ಟಿಲ ಕೆಳಗಿನ ನನ್ನ ಕೋಣೆ

ಪುಟ್ಟೀ,

ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ಅಮ್ಮ ಹೋದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಈ ಹದಿನಾಲ್ಕು ವಾರ ಬರೆದದ್ದೆಲ್ಲ ಡೈರಿಗೆ ಹೋಯಿತು, ಅದೂ ದಿನಕ್ಕೆ ಒಂದೆರಡು ಸಾಲು. ಇವತ್ತಿನದು ಡೈರಿಯಲ್ಲಿ ಬರೆದು ಮುಚ್ಚಿಡುವಂಥ ಸಿಟ್ಟಲ್ಲ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಕಾಗದ, ಸ್ಪೀಡ್ ಪೋಸ್ಟಿನಲ್ಲಿ.

ಹೋದ ತಿಂಗಳು ನಮ್ಮ ಶಾಲೆಗೆ ಇಬ್ಬರು ಬಂದಿದ್ದರು, ಒಂದು ಕಪ್ಪು ಸ್ಪೀಕರ್ ಪೆಟ್ಟಿಗೆ ಹಿಡಿದುಕೊಂಡು. ನಾಲ್ಕನೇ ತರಗತಿಯ ಮಕ್ಕಳು ಎಷ್ಟು ಗಮನವಿಟ್ಟು ಆಲಿಸುತ್ತಾರೆ, ಆಲಿಸಿದ್ದು ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವ ಸಂಶೋಧನೆಯಂತೆ. ನನ್ನ ಕೈಯಲ್ಲಿ ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿಸಿದರು, ಆ ಪೀರಿಯಡ್ಡಿನ ಗಂಟೆ ಹೊಡೆಯಬೇಡಿ ಎಂದರು. ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪೆಟ್ಟಿಗೆಯಿಂದ ಬಂದದ್ದು ನಿನ್ನ ದನಿ. ಮಾತಿನ ಕೊನೆಗೆ ಅಮ್ಮನ ದನಿಯ ಹಾಗೆ ತುಸು ಇಳಿಯುವ ದನಿ. ಅಲ್ಲೇ ಕಣ್ಣೊರೆಸಿಕೊಂಡೆ. ಒಬ್ಬ ಹುಡುಗ ನೋಡಿ, 'ಆಯಮ್ಮನ ಕಣ್ಣಿಗೆ ಧೂಳು ಹೋಯ್ತು ಕಣ್ರೋ' ಅಂದ. ಹೌದಪ್ಪಾ, ಧೂಳೇ ಅಂದೆ.

ಸಂಶೋಧನೆ ನಿನ್ನದು ಎಂದು ನನಗೆ ತಿಳಿದದ್ದು ಹಾಗೆ. ಅಕ್ಕ ಗಂಟೆ ಹೊಡೆಯುವ ಶಾಲೆ ಇದೇ ಎಂದು ಪಟ್ಟಿ ಮಾಡುವಾಗ ನಿನಗೆ ಹೊಳೆಯಿತೋ ಇಲ್ಲವೋ, ಕೇಳುವುದಿಲ್ಲ.

ನೀನು ಓದಿದ ಕಥೆ ನೆನಪಿದೆಯಾ? ನನಗೆ ಬಾಯಿಪಾಠವಾಗಿದೆ. ಒಬ್ಬ ಹುಡುಗಿ ಮನೆಯ ಬಾಗಿಲಿಗೆ ಬರುತ್ತಾಳೆ. ಒಳಗೆ ಹೊಲಿಗೆ ಯಂತ್ರದ ಸದ್ದು. 'ಅಮ್ಮಾ, ನನ್ನ ಅಂಗಿ ಆಯ್ತಾ?' ಅನ್ನುತ್ತಾಳೆ. ಸದ್ದು ನಿಲ್ಲುತ್ತದೆ, ಉತ್ತರ ಬರುವುದಿಲ್ಲ. ಮತ್ತೆ ಯಂತ್ರದ ಸದ್ದು ಶುರುವಾಗುತ್ತದೆ. ಅಂಗಿ ಇನ್ನೂ ಮುಗಿದಿಲ್ಲ ಎಂದು ಹುಡುಗಿ ಆಟಕ್ಕೆ ಹೋಗುತ್ತಾಳೆ. ಚೆನ್ನಾಗಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಆಮೇಲೆ ಐದು ಪ್ರಶ್ನೆ ಹಂಚಿದರು.

ಮೊನ್ನೆ ನಿನ್ನ ವರದಿ ಬಂತು. ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳಿಗೆ ಆಲಿಸಿದ್ದನ್ನು ಗ್ರಹಿಸುವ ಶಕ್ತಿ ಇಲ್ಲವಂತೆ. ಸೋಮವಾರದಿಂದ ದಿನಾ ಬೆಳಗಿನ ಎರಡು ಪೀರಿಯಡ್ಡು ಆ ಇಪ್ಪತ್ತೊಂಬತ್ತೂ ಮಕ್ಕಳು ನೀರಿನ ಟ್ಯಾಂಕಿನ ಪಕ್ಕದ ಹಳೆ ಸಾಮಾನಿನ ಕೋಣೆಯಲ್ಲಿ ಆಲಿಸುವ ಅಭ್ಯಾಸ ಮಾಡಬೇಕು. ಉಳಿದ ಒಂಬತ್ತು ಮಕ್ಕಳಿಗೆ ತರಗತಿಯಲ್ಲಿ ಲೆಕ್ಕದ ಪಾಠ ನಡೆಯುತ್ತದೆ. ಆ ಕೋಣೆಯ ಮುರಿದ ಬೆಂಚು ಹೊರಗೆ ಹಾಕಿ ತೊಳೆದವಳು ನಾನೇ. ಬಾಗಿಲಿಗೆ ಬೋರ್ಡು ಬರುವ ಮೊದಲೇ ಐದನೇ ತರಗತಿಯವರು ಹೆಸರಿಟ್ಟಾಯಿತು: ಕಿವುಡ್ರ ರೂಮು.

ಉತ್ತರ ಪತ್ರಿಕೆಗಳನ್ನು ಕಟ್ಟಿ ಬೀರುವಿನಲ್ಲಿಡಲು ದೊಡ್ಡ ಟೀಚರ್ ನನಗೆ ಕೊಟ್ಟರು. ಮೇಲೆ ನೀನು ಕಳಿಸಿದ ಸರಿಯುತ್ತರದ ಹಾಳೆ ಇತ್ತು. ಓದಬಾರದಿತ್ತು. ನೆಲದ ಮೇಲೆ ಕುಳಿತು ಮೂವತ್ತೆಂಟನ್ನೂ ಓದಿದೆ.

ಮೂರನೇ ಪ್ರಶ್ನೆ: ಹುಡುಗಿ ಏನು ಕೇಳಿದಳು? ನಾಲ್ಕನೆಯದು: ಎಷ್ಟು ಸಲ ಕೇಳಿದಳು? ನಿನ್ನ ಪ್ರಕಾರ ಸರಿಯುತ್ತರ, ಹೊಲಿಗೆ ಯಂತ್ರದ ಸದ್ದು, ಎರಡು ಸಲ. ಇಪ್ಪತ್ತಾರು ಮಕ್ಕಳು ಬರೆದದ್ದು, ಅಂಗಿ ಆಯ್ತಾ ಅಂತ ಕೇಳಿದಳು, ಒಂದು ಸಲ. ಎರಡಕ್ಕೂ ಕೆಂಪು ಗೀಟು. ಐದರಲ್ಲಿ ನಾಲ್ಕು ಸರಿ ಇರಬೇಕಂತೆ, ಇವರಿಗೆ ಮೂರೇ ಆಯಿತು.

ಪುಟ್ಟೀ, ನಾನು ಏಳನೇ ತರಗತಿಗೆ ನಿಂತವಳು. ನಿನ್ನ ಹೆಸರಿನ ಮುಂದಿರುವ ಅಕ್ಷರಗಳನ್ನು ಬಿಡಿಸಿ ಹೇಳಲೂ ನನಗೆ ಬರುವುದಿಲ್ಲ. ಆದರೂ ಹೇಳುತ್ತೇನೆ, ಆ ಹುಡುಗಿ ಕೇಳಿದ್ದು ಅಂಗಿಯನ್ನೇ! ಯಂತ್ರದ ಸದ್ದು ಅವಳಿಗೆ ಕೇಳಿಸಿತು. ಅಂಗಡಿಗೆ ಹೋದ ಮಗುವನ್ನು 'ಏನು ಕೇಳಿದೆ?' ಅಂದರೆ ಸೋಪು ಕೇಳಿದೆ ಅನ್ನುತ್ತದೆ. ತಕ್ಕಡಿಯ ಸದ್ದು ಕೇಳಿದೆ ಅನ್ನುತ್ತದೆಯೇ? ಹುಡುಗಿಗೆ ಏನು ಕೇಳಿಸಿತು ಎಂದು ನೀನು ಒಂದೆರಡಕ್ಷರ ಬದಲಿಸಿ ಬರೆದಿದ್ದರೆ ಆಗುತ್ತಿತ್ತು. ಮಕ್ಕಳು ಕಥೆಯನ್ನೂ ಸರಿಯಾಗಿ ಆಲಿಸಿದರು, ನಿನ್ನ ಪ್ರಶ್ನೆಯನ್ನೂ ಸರಿಯಾಗಿ ಓದಿದರು. ಎಡವಿದ್ದು ನೀನು, ಬ್ಯಾಂಡೇಜು ಅವರ ಕಾಲಿಗೆ. ಇನ್ನು ಮೂವರು ಹಾಳೆ ಖಾಲಿ ಬಿಟ್ಟಿದ್ದರು. ಅವರ ವಿಷಯ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಬೀಗ ರಿಪೇರಿಯವರ ಮಗಳೂ ಆ ಪಟ್ಟಿಯಲ್ಲಿದ್ದಾಳೆ. ವರಾಂಡದಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿದ ಸದ್ದಿಗೇ ಯಾವ ಟೀಚರ್ ಬರುತ್ತಿದ್ದಾರೆ ಎಂದು ಹೇಳುವ ಹುಡುಗಿ ಅವಳು. ಇಡೀ ತರಗತಿ ಅವಳನ್ನು ನಂಬಿಕೊಂಡೇ ಗಲಾಟೆ ಮಾಡುವುದು. ನಿನ್ನೆ ನಲ್ಲಿಯ ಹತ್ತಿರ ಬಂದು, 'ಆಯಮ್ಮಾ, ನನ್ ಕಿವಿ ಕೆಟ್ಟೋಗಿದ್ಯಾ? ಅಪ್ಪ ರಿಪೇರಿ ಮಾಡಕ್ಕಾಗಲ್ಲ ಅಂತಿದಾರೆ' ಅಂದಳು. ಅವರಪ್ಪ ತಮಾಷೆಗೆ ಅಂದಿರಬೇಕು. ಇವಳು ತಮಾಷೆ ಎಂದುಕೊಂಡಿರಲಿಲ್ಲ. ಇವತ್ತು ಬೀಗದ ಕೈ ಸದ್ದಾದಾಗ ಎಲ್ಲರೂ ಇವಳ ಮುಖ ನೋಡಿದರು. 'ನಂಗೊತ್ತಿಲ್ಲ' ಅಂದುಬಿಟ್ಟಳು.

ದೊಡ್ಡ ಟೀಚರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಪಾಪ. ಆಮೇಲೆ, 'ತಜ್ಞರು ಸಹಿ ಹಾಕಿ ಕಳಿಸಿದ್ದಾರೆ ಆಯಮ್ಮ. ಅವರೇ ತಪ್ಪು ಅಂತ ಬರ್ಕೊಡ್ಬೇಕು, ನಾನ್ ಹೇಗ್ ತೆಗೀಲಿ? ನೀವು ಹೋಗಿ, ಗಂಟೆ ಟೈಮಾಯ್ತು' ಅಂದರು. ಆ ತಜ್ಞರು ನನ್ನ ಬೆನ್ನಿಗೆ ಬಿದ್ದ ತಂಗಿ, ಅವಳಿಗೆ ಅಕ್ಷರ ತಿದ್ದಿಸಿದ್ದೇ ನಾನು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನಾಚಿಕೆಯಾಯಿತು. ನನ್ನ ಕೆಲಸಕ್ಕಲ್ಲ, ನಿನ್ನ ಆ ಸಹಿಗೆ.

ಇನ್ನೊಂದು ವಿಷಯ ಬರೆಯಬಾರದು ಎಂದುಕೊಂಡಿದ್ದೆ. ನೀನು ಇದೇ ಮಾತಿನಲ್ಲಿ ಎಡವಿದ್ದು ಇದು ಎರಡನೇ ಸಲ.

ಅಮ್ಮನ ಕೊನೆಯ ವಾರ, ಬುಧವಾರ ಬೆಳಿಗ್ಗೆ ನಾನು ನಿನಗೆ ಫೋನ್ ಮಾಡಿದೆ. ಅಮ್ಮನ ಬಾಯಲ್ಲಿ ಆಗ ಉಳಿದಿದ್ದು ಒಂದೇ ಮಾತು, 'ಪುಟ್ಟಿ? ಪುಟ್ಟಿ ಎಲ್ಲಿ?' ನಾನು 'ಅಮ್ಮ ಕೇಳ್ತಿದ್ದಾಳೆ ಕಣೇ' ಅಂದೆ. ನೀನು 'ಹೌದಾ! ಹಾಗಿದ್ರೆ ಫೋನು ಅವಳ ಕಿವಿ ಹತ್ರ ಹಿಡಿ' ಅಂದೆ. ಹಿಡಿದೆ. ನೀನು 'ಅಮ್ಮಾ, ಶನಿವಾರ ನನ್ನ ಭಾಷಣ ಇದೆ, ಮುಗಿಸಿಕೊಂಡು ಬಂದುಬಿಡ್ತೀನಿ, ಬೇಗ ಹುಷಾರಾಗು' ಅಂದೆ. ಅಮ್ಮ ಫೋನನ್ನು ಕೈಯಿಂದ ಸರಿಸಿ ಮತ್ತೆ ಬಾಗಿಲು ನೋಡಿದಳು. ಶುಕ್ರವಾರ ಹೋದಳು. ಮನೆ ತುಂಬ ಜನ ಇದ್ದಾಗ ನೀನು ಬಂದವರಿಗೆಲ್ಲ, 'ಕೊನೆಗೆ ನನ್ ಮಾತು ಕೇಳಿದ್ಲು, ಅದೊಂದೇ ಸಮಾಧಾನ' ಅನ್ನುತ್ತಿದ್ದೆ. ನಾನು ಬಂದವರಿಗೆ ನೀರು ಕೊಡುತ್ತಿದ್ದೆ.

ಅವಳು ನಿನ್ನ ಮಾತು ಕೇಳುತ್ತಿರಲಿಲ್ಲ ಪುಟ್ಟೀ. ನಿನ್ನನ್ನು ಕೇಳುತ್ತಿದ್ದಳು. ಆ ಕಥೆಯ ಹುಡುಗಿ ಅಂಗಿ ಕೇಳಿದ ಹಾಗೆ.

ಅಮ್ಮನ ವಿಷಯದಲ್ಲಿ ಇನ್ನು ತಿದ್ದುವುದಕ್ಕೆ ಏನೂ ಉಳಿದಿಲ್ಲ. ಈ ಮಕ್ಕಳದು ಸೋಮವಾರದವರೆಗೆ ಉಳಿದಿದೆ. ಪ್ರಶ್ನೆ ನನ್ನದು ತಪ್ಪು, ಉತ್ತರ ಮಕ್ಕಳದು ಸರಿ ಎಂದು ಎರಡು ಸಾಲು ಬರೆದು ಸಹಿ ಹಾಕು. ಬೇರೆ ಎಷ್ಟು ಶಾಲೆಗಳಲ್ಲಿ ಇದೇ ಪ್ರಶ್ನೆ ಹಂಚಿದ್ದೀಯೋ ಅಲ್ಲಿಗೂ ಬರೆ. ನಿನ್ನ ಮರ್ಯಾದೆ ಹೋಗುತ್ತದೆ ಅನ್ನುತ್ತೀಯ. ಹೋಗಲಿ. ನೀನು ದೊಡ್ಡವಳು, ತಡೆದುಕೊಳ್ಳುತ್ತೀಯ. ಬೀಗ ರಿಪೇರಿಯವರ ಮಗಳಿಗಿನ್ನೂ ಒಂಬತ್ತು ವರ್ಷ.

ಗಂಟೆ ಹೊಡೆಯುವ ಹೊತ್ತಾಯಿತು.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆ ಬುಧವಾರ ನೀನು 'ಕಿವಿ ಹತ್ರ ಹಿಡಿ' ಅಂದ ಕೂಡಲೇ ನೀನು ತಪ್ಪು ತಿಳಿದೆ ಎಂದು ನನಗೆ ಗೊತ್ತಾಯಿತು. ಹಾಗಲ್ಲ, ಬಾ ಅನ್ನಬಹುದಿತ್ತು. ಅನ್ನಲಿಲ್ಲ. ಆರು ವರ್ಷ ಅಮ್ಮನ ತಲೆ ಬಾಚಿದವಳು, ಬಟ್ಟೆ ಬದಲಿಸಿದವಳು ನಾನು ಪಕ್ಕದಲ್ಲೇ ಇರುವಾಗ ಅವಳು ನಿನ್ನ ಹೆಸರು ಹಿಡಿದು ಕೂತಳಲ್ಲ ಎಂದು ನನಗೆ ಹೊಟ್ಟೆ ಉರಿದಿತ್ತು. ಆ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: 'ಪುಟ್ಟಿಗೆ ಫೋನ್ ಮಾಡಿ ತಿಳಿಸಿದೆ.' ಅದು ಸುಳ್ಳು. ಈ ಸಲ ತಪ್ಪು ತಿಳಿಯುವಂತೆ ಬರೆಯುವುದಿಲ್ಲ. ಎರಡು ಸಾಲು ಬರೆದು ಕಳಿಸಿ ಕೈ ತೊಳೆದುಕೊಳ್ಳಬೇಡ. ಸೋಮವಾರ ಬೆಳಿಗ್ಗೆ ಮೊದಲ ಗಂಟೆಗೆ ಮುಂಚೆ ಶಾಲೆಯ ಗೇಟಿನಲ್ಲಿ ನಿಂತಿರುತ್ತೇನೆ. ಬಾ.