ಗೆದ್ದವರ ನಂಬರು

ಏಪ್ರಿಲ್ 24, ಬುಧವಾರ
ಕುವೈತಿನ ಶುವೈಖ್‌ನಲ್ಲಿ, ಕೆಲಸದ ಗ್ಯಾರೇಜಿನಲ್ಲಿ ಊಟದ ಹೊತ್ತು. ದಿನದಂತೆ ಮಗಳ ಹೆಸರು ಗೂಗಲ್‌ನಲ್ಲಿ ಹಾಕಿದೆ. ಇವತ್ತು ಸಿಕ್ಕಳು! ಇಂಗ್ಲೆಂಡಿನ ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್ ಎಲೆಕ್ಷನ್ನಿಗೆ ನಿಂತಿದ್ದಾಳೆ. ಶ್ರುತಿ ಗುರುಸಿದ್ದ. ನನ್ನ ಹೆಸರನ್ನು ಇನ್ನೂ ಬಿಟ್ಟಿಲ್ಲ.

ವಿಳಾಸ ಇಲ್ಲ, ನಂಬರ್ ಇಲ್ಲ. ಮೆಚ್ಚಿದವನನ್ನು ಮದುವೆಯಾದಳೆಂದು ‘ನನ್ನ ಪಾಲಿಗೆ ಸತ್ತೆ’ ಅಂದಿದ್ದೆ. ನಾಲ್ಕು ವರ್ಷವಾಯಿತು. ಆಗಲೇ ನಂಬರ್ ಬದಲಿಸಿದಳು.

ಏಪ್ರಿಲ್ 28
ಹೆಂಡತಿ ನೀಲವ್ವನ ಆಪರೇಷನ್ ಮೇ 9ಕ್ಕೆ. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಡಾಕ್ಟರ್ ಹೇಳುವಾಗ ಅವಳು ಅಳಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅಂದಳು — “ದನಿ ಹೋಗೂದ್ರಾಗ ಒಮ್ಮೆ ಶ್ರುತಿ ಕೂಡ ಮಾತಾಡಸ್ರಿ. ಆಮ್ಯಾಗ ಏನರ ಆಗ್ಲಿ.”

ಶ್ರುತಿಯ ಪಾರ್ಟಿಗೆ ಮೂರು ಮೇಲ್ ಹಾಕಿದೆ. ಉತ್ತರವಿಲ್ಲ. ಜೊತೆಗೆ ಕೆಲಸ ಮಾಡುವ ಸಂಜೀವ ಹೇಳಿದ — “ಗೆದ್ದವ್ರ ಫೋನ್ ನಂಬರ್ ಕೌನ್ಸಿಲ್ ವೆಬ್‌ಸೈಟಿನ್ಯಾಗ ಹಾಕ್ತಾರಣ್ಣಾ.”

ಗೆಲ್ಲಲಿ. ಗೆಲ್ಲಲೇಬೇಕು.

ಮೇ 3, ಶುಕ್ರವಾರ
ರಜೆ. ಬೆಳಿಗ್ಗೆಯಿಂದ ರಿಸಲ್ಟ್ ಪೇಜ್ ರಿಫ್ರೆಶ್ ಮಾಡುತ್ತಾ... ನೀಲವ್ವ ಪಕ್ಕದಲ್ಲೇ. ಅನ್ನ ಮುಟ್ಟಿಲ್ಲ.

ಸಂಜೆ 4.20 — ಬಂತು. ಗೆದ್ದವನಿಗೆ 618. ಶ್ರುತಿಗೆ 611. ಏಳು ವೋಟು. ಬರೀ ಏಳು.

“ಆರ್ನೂರಾ ಹನ್ನೊಂದು ಮಂದಿ ನಮ್ ಹುಡುಗಿ ಬೇಕಂದಾರ,” ನೀಲವ್ವ ಅಂದಳು. “ನಾವು ಹೊರಗ ಹಾಕಿದ್ವಿ.”

ನಾವು ಅಂದಳು. ಹಾಕಿದವನು ನಾನು.

ಮೇ 7
ವೆಬ್‌ಸೈಟಿನಲ್ಲಿ ಗೆದ್ದವರ ನಂಬರು. ಅವಳನ್ನು ಸೋಲಿಸಿದ ಮುದುಕನದೂ ಇದೆ. ಎರಡು ಸಲ ಒತ್ತಿ ಕಟ್ ಮಾಡಿದೆ. ಮೂರನೇ ಸಲ ಆತ ಎತ್ತಿಬಿಟ್ಟ. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ, ನಾನೇ ಮಗಳನ್ನು ದೂರ ಮಾಡಿದವನೆಂದೂ. ನಂಬರ್ ಕೊಡಲಾರೆ, ಅವಳ ಮನೆ ಗೊತ್ತು, ಹೋಗಿ ಬಾಗಿಲು ತಟ್ಟುತ್ತೇನೆ ಅಂದ.

ಮೇ 8
ಆತನ ಫೋನ್ ಬಂತು. ವಿಷಯ ಹೇಳಿ, ನನ್ನ ನಂಬರಿನ ಚೀಟಿ ಕೊಟ್ಟನಂತೆ. ಅವಳು ಚೀಟಿ ಹಿಡಿದು ಬಾಗಿಲು ಹಾಕಿಕೊಂಡಳಂತೆ. ಕಂಕುಳಲ್ಲಿ ಮಗು ಇತ್ತಂತೆ.

ನೀಲವ್ವನಿಗೆ ಮಗುವಿನ ವಿಷಯವಷ್ಟೇ ಹೇಳಿದೆ.

ಮೇ 9, ಆಸ್ಪತ್ರೆ, ಬೆಳಿಗ್ಗೆ 10.40
ಹನ್ನೊಂದಕ್ಕೆ ಒಳಗೆ ಒಯ್ಯುತ್ತಾರೆ. ನನ್ನ ಫೋನ್ ನೀಲವ್ವನ ಎದೆಯ ಮೇಲೆ. ಶ್ರುತಿಯ ಕರೆ ಬಂದಿಲ್ಲ. ಫೋನ್ ಸೈಲೆಂಟ್‌ನಲ್ಲಿದೆಯೇ? ಮೂರು ಸಲ ನೋಡಿಕೊಂಡೆ. ಸರಿಯಾಗಿಯೇ ಇದೆ.

10.52
ಬಂತು. ಶ್ರುತಿ!

ನೀಲವ್ವ ಮಾತಾಡುತ್ತಿದ್ದಾಳೆ. ಒಡಕು ದನಿ, ನಡುನಡುವೆ ಕೆಮ್ಮು. ಕೂಸಿಗೆ ಹಲ್ಲು ಬಂದಾವೇನು, ಏನು ಉಣಸ್ತಿ... ಕರೆದೊಯ್ಯಲು ಬಂದ ನರ್ಸ್ ಕಾರ್ಮೆಲ್ ಗಡಿಯಾರ ನೋಡಿ, ಬಾಗಿಲಲ್ಲೇ ನಿಂತುಬಿಟ್ಟಳು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಇದನ್ನು ಗೀಚುತ್ತಿದ್ದೇನೆ.

ಈಗ ಫೋನ್ ನನ್ನತ್ತ ಚಾಚಿದ್ದಾಳೆ.

“ಅಪ್ಪ ಅದಾನೇನಂತ ಕೇಳಾಕತ್ತಾಳ. ತಗೋರಿ.”

ಏನಂತ ಶುರು —